ಹಾಸ್ಟೆಲಿನ ಹಿಂದಿನ ಗೊಬ್ಬರಗುಂಡಿ

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಮ್ಮ ಕಾಲೇಜಿನ ಹಾಸ್ಟೆಲ್ ಹಿಂದಿನ ಇಳಿಜಾರಿನಲ್ಲಿ ಒಂದು ಆಕಳು ಸತ್ತುಬಿತ್ತು. ನಾನು ಅಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕಿ. ಹುಟ್ಟೂರು ಸಿದ್ದಾಪುರದ ಕಡೆ, ಬಾಡಿಗೆ ಮನೆ ಶಿರಸಿಯಲ್ಲಿ. ಕಾಲೇಜು ಇದ್ದದ್ದು ಯಲ್ಲಾಪುರಕ್ಕೆ ಹೋಗುವ ರಸ್ತೆಯಲ್ಲಿ, ಪೇಟೆಯಿಂದ ದೂರ. ಅದೇ ಜಾಗದಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೂ ಶುರುವಾದ ಮೇಲೆ ಜನ ಅದನ್ನು ಕಾಲೇಜು ಎನ್ನುವುದು ಬಿಟ್ಟು ಕ್ಯಾಂಪಸ್ಸು ಎನ್ನತೊಡಗಿದ್ದರು. ಹೆಸರು ದೊಡ್ಡದಾಯಿತು, ಹಾಸ್ಟೆಲ್ ದೊಡ್ಡದಾಯಿತು. ಕಸ ಮಾತ್ರ ಹಳೆಯ ಇಳಿಜಾರಿಗೇ ಬೀಳುತ್ತಿತ್ತು.

ಮೆಸ್ಸಿನವರು ಉಳಿದ ಅನ್ನ, ಸಾರು, ತರಕಾರಿ ಸಿಪ್ಪೆ ಎಲ್ಲವನ್ನೂ ಅಲ್ಲಿ ಸುರಿಯುತ್ತಿದ್ದರು. ಹುಡುಗರು ಕಿಟಕಿಯಿಂದಲೇ ಕವರು, ಬಿಸ್ಕತ್ತಿನ ಪೊಟ್ಟಣ, ಗುಟ್ಕಾ ಚೀಟಿ ಎಸೆಯುತ್ತಿದ್ದರು. ಇಳಿಜಾರಿನ ಕೆಳಗೆ ಹಳ್ಳ, ಹಳ್ಳದಾಚೆ ನಾಲ್ಕಾರು ಮನೆ. ಆ ಮನೆಗಳ ದನ ಮೊದಲಿನಿಂದಲೂ ಅಲ್ಲಿ ಮೇಯುತ್ತಿದ್ದವು. ಅನ್ನದ ವಾಸನೆಗೆ ಬಂದು ಅನ್ನದ ಜೊತೆ ಕವರನ್ನೂ ತಿನ್ನುತ್ತಿದ್ದವು. ಎಲ್ಲರಿಗೂ ಕಾಣುತ್ತಿತ್ತು. ಯಾರಿಗೂ ಅದು ತಮ್ಮ ಕೆಲಸ ಅನ್ನಿಸಿರಲಿಲ್ಲ.

ಸತ್ತ ಆಕಳು ಹಳ್ಳದಾಚೆಯ ಮೊದಲ ಮನೆಯ ಹೆಂಗಸಿನದು. ಇಡಗುಂದಿಯಿಂದ ಮದುವೆಯಾಗಿ ಬಂದವಳು. ಗಂಡ ಸತ್ತ ಮೇಲೆ ಇದ್ದ ಒಂದು ತುಂಡು ಗದ್ದೆಯನ್ನೂ ಎರಡು ಆಕಳನ್ನೂ ನಂಬಿ ಮಗಳನ್ನು ಬೆಳೆಸಿ ಮದುವೆ ಮಾಡಿದ್ದಳು. ಬಾಯಿ ಜೋರು. ನಾವು ಅವಳನ್ನು ಕಂಡರೆ ದಾರಿ ಬದಲಿಸುತ್ತಿದ್ದೆವು. ಹಾಸ್ಟೆಲಿನ ಹುಡುಗರು ತನ್ನ ಗದ್ದೆಯ ಬೇಲಿ ಮುರಿದರೆಂದು ಬಂದವಳು ವಾರ್ಡನ್ನನ್ನು ಸಂಜೆಯವರೆಗೂ ಬಿಡುತ್ತಿರಲಿಲ್ಲ.

ಆಕಳು ಹೊಟ್ಟೆಯುಬ್ಬಿ ಬಿದ್ದಾಗ ದನದ ಡಾಕ್ಟರನ್ನು ಕರೆಸಿದಳು. ಅವರು ಬರುವಷ್ಟರಲ್ಲಿ ಜೀವ ಹೋಗಿತ್ತು. ಯಾಕೆ ಸತ್ತಿತು ನೋಡಿಯೇ ಬಿಡಿ ಎಂದು ಅವಳೇ ಹಟ ಹಿಡಿದು ಹೊಟ್ಟೆ ಕೊಯ್ಯಿಸಿದಳಂತೆ. ಮಾರನೆಯ ಬೆಳಿಗ್ಗೆ ಪ್ರಾಂಶುಪಾಲರ ಕೋಣೆಯ ಮುಂದಿನ ಜಗಲಿಗೆ ಬಂದು ತಲೆಯ ಮೇಲಿನ ಬುಟ್ಟಿ ಇಳಿಸಿದಳು. ಹಾಜರಿ ಹಾಕಲು ಬಂದ ನಾವೆಲ್ಲ ಅಲ್ಲೇ ಇದ್ದೆವು. ಬುಟ್ಟಿಯಲ್ಲಿ ಹಗ್ಗದಂತೆ ಹೊಸೆದುಕೊಂಡ ಪ್ಲಾಸ್ಟಿಕ್ಕಿನ ಒಂದು ಮುದ್ದೆ. ಹಾಲಿನ ಕವರಿನ ನೀಲಿ ಅಕ್ಷರ ಇನ್ನೂ ಓದುವ ಹಾಗಿತ್ತು. ಸಾರು ಕಟ್ಟಿಕೊಟ್ಟ ತೆಳ್ಳಗಿನ ಚೀಲಗಳಿದ್ದವು, ಒಂದು ಹುಡುಗಿಯ ಜಡೆಯ ರಿಬ್ಬನ್ನಿತ್ತು. ವಾಸನೆಗೆ ಗುಮಾಸ್ತರು ಮೂಗು ಮುಚ್ಚಿಕೊಂಡು ಒಳಗೆ ಹೋದರು.

"ಇದು ನಿಮ್ದು," ಎಂದಳು. "ನಮ್ಮನೇಲಿ ಇದನ್ನೆಲ್ಲ ತರೂದಿಲ್ಲ. ನೀವೇ ಇಟ್ಕಳಿ."

ಜೋರಾಗಿ ಹೇಳಲಿಲ್ಲ. ಬುಟ್ಟಿಯನ್ನು ಅಲ್ಲೇ ಬಿಟ್ಟು ಹೋದಳು.

ಪ್ರಾಂಶುಪಾಲರು ಒಳ್ಳೆಯ ಮನುಷ್ಯ ಎಂದೇ ಎಲ್ಲರ ಮಾತು. ಇತಿಹಾಸ ಕಲಿಸುತ್ತಿದ್ದವರು, ಮೆತ್ತಗಿನ ದನಿ, ಯಾರ ಮನೆಯಲ್ಲಿ ಸಾವು ಮದುವೆ ಆದರೂ ತಪ್ಪದೆ ಹೋಗುವವರು. ಅವರು ಬುಟ್ಟಿಯನ್ನು ನೋಡಿ ಬಹಳ ನೊಂದುಕೊಂಡರು. ಆ ಮಧ್ಯಾಹ್ನವೇ ನನ್ನನ್ನು ಕರೆಸಿ, ಕಸದ ವ್ಯವಸ್ಥೆ ಏನಾದರೂ ಮಾಡಲೇಬೇಕು, ಸಸ್ಯಶಾಸ್ತ್ರ ಕಲಿಸುವವರಿಗೆ ಗೊಬ್ಬರದ ವಿಷಯ ಹತ್ತಿರದ್ದು, ನೀವೇ ನೋಡಿಕೊಳ್ಳಿ ಎಂದರು. ಕೊಳೆಯುವ ವಸ್ತುವನ್ನೆಲ್ಲ ನನ್ನ ವಿಷಯಕ್ಕೆ ಸೇರಿಸಿದ್ದು ಹೇಗೆಂದು ನನಗೆ ಗೊತ್ತಾಗಲಿಲ್ಲ. ಆದರೆ ಆ ಮುದ್ದೆ ಕಣ್ಣೆದುರಿಗಿತ್ತು. ಒಪ್ಪಿಕೊಂಡೆ.

ಕೆಲಸಕ್ಕೆ ಜನ ಹುಡುಕುತ್ತಿದ್ದೇವೆಂದು ತಿಳಿದು ಅವಳು ತಾನಾಗಿಯೇ ಬಂದಳು. ಸಸ್ಯಶಾಸ್ತ್ರದ ಲ್ಯಾಬಿನ ಬಾಗಿಲಲ್ಲಿ ನಿಂತು, "ಆ ಕೆಲ್ಸ ನಂಗೆ ಕೊಡಿ ಅಕ್ಕೋರೆ," ಎಂದಳು. "ಬೇರೆಯವ್ರು ಮಾಡಿದ್ರೆ ಇರೂ ಒಂದು ಆಕಳೂ ಹೋಗ್ತದೆ." ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಅವಳ ಬಾಯಲ್ಲಿ ಆ ಮಾತಿಗೆ ಯಾವ ಮೆದುವೂ ಇರಲಿಲ್ಲ. ಅವಳ ಜೊತೆಗೆ ಹಳ್ಳದಾಚೆಯ ಇನ್ನಿಬ್ಬರು ಹೆಂಗಸರನ್ನೂ ದಿನಗೂಲಿಯ ಮೇಲೆ ತೆಗೆದುಕೊಂಡರು.

ಗೊಬ್ಬರ ಮಾಡುವುದು ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ನನಗೆ ಪುಸ್ತಕದಲ್ಲಿದ್ದದ್ದು ಗೊತ್ತಿತ್ತು, ಅವಳಿಗೆ ಕೊಟ್ಟಿಗೆಯ ಗೊಬ್ಬರ ಗೊತ್ತಿತ್ತು. ಮೆಸ್ಸಿನ ಅನ್ನ ಸಾರು ಎರಡಕ್ಕೂ ಬಗ್ಗಲಿಲ್ಲ. ಮೊದಲ ಗುಂಡಿ ಒಂದೇ ವಾರದಲ್ಲಿ ನೊರೆಯೆದ್ದು ಹುಳುವಾಯಿತು. ಹುಡುಗಿಯರ ಹಾಸ್ಟೆಲಿನವರು ಊಟ ಬಿಟ್ಟು ಪ್ರಾಂಶುಪಾಲರ ಕೋಣೆಯ ಮುಂದೆ ಕುಳಿತರು. ನನ್ನ ಕ್ಲಾಸಿಗೆ ಬರುವ ಹುಡುಗರು ನನ್ನನ್ನು ಕಂಡ ಕೂಡಲೇ ಕರವಸ್ತ್ರ ತೆಗೆಯುತ್ತಿದ್ದರು. ಬಸ್ಸಿನಲ್ಲಿ ದಿನವೂ ನನ್ನ ಪಕ್ಕ ಕುಳಿತು ಬರುತ್ತಿದ್ದ ರಸಾಯನಶಾಸ್ತ್ರದ ಗೆಳತಿ, ನೀನು ಮನೆಗೆ ಹೋದ ಕೂಡಲೇ ಸ್ನಾನ ಮಾಡುತ್ತೀಯೋ ಇಲ್ಲವೋ ಎಂದು ನಗುತ್ತ ಕೇಳುತ್ತಿದ್ದಳು. ನಾನೂ ನಗುತ್ತಿದ್ದೆ.

ಆ ಗುಂಡಿ ಮುಚ್ಚಿ ಬೇರೆ ಗುಂಡಿ ತೆಗೆದೆವು. ಈ ಸಲ ಮೆಸ್ಸಿನ ಬಕೆಟ್ಟುಗಳ ನೀರು ಬಸಿದು ಹಾಕಿದೆವು, ನಡುನಡುವೆ ಕಾಡಿನ ಒಣ ಎಲೆ ಹರಡಿದೆವು, ಅವಳ ಮನೆಯ ಸಗಣಿ ಕದಡಿ ಚಿಮುಕಿಸಿದೆವು. ಸಾಗವಾನಿ ಎಲೆ ಕೊಳೆಯುವುದೇ ಇಲ್ಲವೆಂದು ಗೊತ್ತಾದದ್ದು ಒಂದು ಮಳೆಗಾಲ ಕಳೆದ ಮೇಲೆ. ಬಿಡಿಸಿ ತೆಗೆದು ಮತ್ತೆ ಹಾಕಿದೆವು. ನನ್ನ ಸೀರೆಯ ಅಂಚು ಯಾವಾಗಲೂ ಕೆಸರಾಗಿರುತ್ತಿತ್ತು. ನಾನು ತಪ್ಪು ಹೇಳಿದರೆ ಅವಳು ಬೈಯುತ್ತಿದ್ದಳು, ಅವಳು ತಪ್ಪು ಮಾಡಿದರೆ ನಾನು ಬೈಯುತ್ತಿದ್ದೆ. ಆ ದಿನಗಳಲ್ಲಿ ಸುತ್ತಮುತ್ತ ಇನ್ನಾರ ಜೊತೆಗೂ ನಾನು ಅಷ್ಟು ಸಲೀಸಾಗಿ ಮಾತಾಡಿದ್ದಿಲ್ಲ.

ಕೊನೆಗೆ ಒಂದು ಗುಂಡಿ ಪಕ್ವವಾಯಿತು. ಹಿಡಿದರೆ ಉಂಡೆಯಾಗಿ, ಬಿಟ್ಟರೆ ಹುಡಿಯಾಗುವ ಕಪ್ಪು ಗೊಬ್ಬರ. ಅವಳು ಅದನ್ನು ಅಂಗೈಯಲ್ಲಿ ತಿಕ್ಕಿ ನೋಡಿ, ಸೆರಗಿನಲ್ಲಿ ಒಂದಿಷ್ಟು ಕಟ್ಟಿಕೊಂಡು ಹೋದಳು. ಮೆಸ್ಸಿನ ಅಡುಗೆ ಭಟ್ಟರು ಅದನ್ನು ಹಾಕಿ ಬಾವಿಕಟ್ಟೆಯ ಪಕ್ಕ ಬಸಳೆ ಹಬ್ಬಿಸಿದರು. ಹುಡುಗರು ಬಸಳೆ ಹುಳಿ ಉಂಡರು. ಎರಡು ಮೂರು ವರ್ಷ ಅದು ನಡೆಯಿತು. ಇಳಿಜಾರು ಹಸಿರಾಯಿತು, ದನ ಅಲ್ಲಿ ಬರೀ ಹುಲ್ಲು ತಿನ್ನತೊಡಗಿದವು.

ಬಗೆಹರಿಯದೆ ಉಳಿದದ್ದು ತೆಳ್ಳಗಿನ ಪ್ಲಾಸ್ಟಿಕ್ಕು. ರದ್ದಿ ಕಾಗದ, ಬಾಟಲಿ, ಡಬ್ಬಿ ಎಲ್ಲವನ್ನೂ ಶಿರಸಿಯ ಗುಜರಿಯವನು ಬಂದು ಒಯ್ಯುತ್ತಿದ್ದ. ಕವರುಗಳನ್ನು ಮುಟ್ಟುತ್ತಿರಲಿಲ್ಲ. ನಗರಸಭೆಯವರನ್ನು ಕೇಳಿದರೆ ನಿಮ್ಮದು ನಮ್ಮ ಗಡಿಯಾಚೆ ಎಂದರು. ಪಂಚಾಯತಿಗೆ ಕಸದ ಗಾಡಿಯೇ ಇರಲಿಲ್ಲ. ಸುಡುವುದು ಬೇಡ ಎಂದು ನಾನು ಹಟ ಮಾಡಿದ್ದೆ. ಹಾಗಾಗಿ ತೊಳೆದು ಒಣಗಿಸಿದ ಕವರುಗಳನ್ನು ಗೋಣಿಚೀಲಗಳಲ್ಲಿ ತುಂಬಿ ಹಳೆಯ ಸೈಕಲ್ ಶೆಡ್ಡಿನಲ್ಲಿ ಇಡುತ್ತ ಬಂದೆವು. ಶೆಡ್ಡು ಮಾಡಿನವರೆಗೆ ತುಂಬಿತು. ಅದು ನಮ್ಮ ಕ್ಯಾಂಪಸ್ಸಿನ ನಿಜವಾದ ತೂಕ ಎಂದು ನಾನು ವಿದ್ಯಾರ್ಥಿಗಳನ್ನು ಕರೆದೊಯ್ದು ತೋರಿಸುತ್ತಿದ್ದೆ. ಪ್ರಾಂಶುಪಾಲರಿಗೆ ಅದು ಇಷ್ಟವಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ಕಾಲೇಜುಗಳಿಗೆ ದರ್ಜೆ ಕೊಡುವ ಸಮಿತಿಗಳ ಓಡಾಟ ಶುರುವಾಯಿತು. ನಮ್ಮಲ್ಲಿಗೂ ಬರುತ್ತಾರೆಂದು ತಿಳಿದ ದಿನದಿಂದ ಕ್ಯಾಂಪಸ್ಸಿಗೆ ಮದುವೆಮನೆಯ ಗಡಿಬಿಡಿ ಬಂತು. ಗೋಡೆಗಳಿಗೆ ಬಣ್ಣ, ನರ್ಸರಿಯಿಂದ ತಂದ ಹೂವಿನ ಕುಂಡ, ಗ್ರಂಥಾಲಯಕ್ಕೆ ಹೊಸ ಪರದೆ. ಹಾಸ್ಟೆಲ್ ದಾರಿಯಲ್ಲಿ ‘ಶೂನ್ಯ ತ್ಯಾಜ್ಯ ಆವರಣ’ ಎಂಬ ಫಲಕ ನೆಟ್ಟರು. ಶೂನ್ಯ ಅಲ್ಲ ಸರ್, ಶೆಡ್ಡಿನಲ್ಲಿರುವುದನ್ನೂ ಅವರಿಗೆ ತೋರಿಸೋಣ, ನಮ್ಮಿಂದ ಆಗದ್ದು ಇಷ್ಟು ಎಂದು ಹೇಳೋಣ ಎಂದೆ. ನೋಡೋಣ ಮೇಡಂ ಎಂದರು. ಆಮೇಲೆ, ಸಮಿತಿಗೆ ತೋರಿಸಲು ಲ್ಯಾಬಿನ ಒಣಗಿಸಿದ ಗಿಡಗಳ ಸಂಗ್ರಹ ಸರಿ ಮಾಡಬೇಕು, ಗುಂಡಿಗಳ ಚಿಂತೆ ಬಿಡಿ, ಹೊರಗಿನ ಆಳುಗಳು ಸ್ವಚ್ಛ ಮಾಡುತ್ತಾರೆ ಎಂದು ನನ್ನನ್ನು ಲ್ಯಾಬಿಗೆ ಕಳಿಸಿದರು. ಮೂವರು ಹೆಂಗಸರಿಗೆ ಸಮಿತಿ ಹೋಗುವವರೆಗೆ ರಜೆ. ಅವರಿಗೆ ಸಮವಸ್ತ್ರವಿಲ್ಲ, ಚೆನ್ನಾಗಿ ಕಾಣುವುದಿಲ್ಲ ಎಂಬುದು ಕಾರಣ. ಅವಳಿಗೆ ಅದನ್ನು ಹೇಳುವ ಕೆಲಸ ನನಗೇ ಬಂತು. ಕೂಲಿ ಕೊಡುತ್ತಾರೋ ಎಂದಷ್ಟೇ ಕೇಳಿದಳು.

ಸಮಿತಿ ಬಂದ ದಿನ ಗುಂಡಿಗಳ ಸುತ್ತ ರಂಗೋಲಿ ಹಾಕಿತ್ತು. ಸಮಿತಿಯಲ್ಲಿ ಹೊರರಾಜ್ಯದ ಒಬ್ಬ ಹಿರಿಯ ಪ್ರಾಧ್ಯಾಪಕರಿದ್ದರು, ಬಿಳಿಗಡ್ಡದ ಸಣ್ಣ ಮನುಷ್ಯ. ಬೇರೆಯವರು ದೂರ ನಿಂತಾಗ ಅವರು ಬಂದು ಕುಕ್ಕರುಗಾಲಿನಲ್ಲಿ ಕುಳಿತು ಒಂದು ಹಿಡಿ ಗೊಬ್ಬರ ತೆಗೆದು ಮೂಸಿದರು. ಎದ್ದು ನನ್ನ ಕಡೆ ತಿರುಗಿ, ಇಷ್ಟು ಕಾಲೇಜು ನೋಡಿದ್ದೇನೆ, ಇದೊಂದು ನಿಜವಾದದ್ದು ಎಂದರು. ಪ್ರಾಂಶುಪಾಲರು ನನ್ನ ಹೆಸರು ಹೇಳಿ ಹೊಗಳಿದರು. ಛಾಯಾಚಿತ್ರ ತೆಗೆದರು. ಸಂಜೆ ಬಸ್ಸಿನಲ್ಲಿ ರಸಾಯನಶಾಸ್ತ್ರದ ಗೆಳತಿ, ಕಡೆಗೂ ನಿನ್ನ ಕಸಕ್ಕೆ ಬೆಲೆ ಬಂತು ಎಂದಳು. ಅವಳು ಇಳಿದು ಹೋದ ಮೇಲೂ ನನಗೆ ಒಳಗೊಳಗೇ ನಗು ಬರುತ್ತಿತ್ತು. ಆ ಸಂತೋಷವನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ರಜೆ ಮುಗಿದು ಹೆಂಗಸರು ಕೆಲಸಕ್ಕೆ ಬಂದ ದಿನ ನನಗೆ ಬೆಳಿಗ್ಗೆ ಮೊದಲ ಅವಧಿಯ ಪಾಠ. ಪಾಠದ ನಡುವೆ ಅವಳು ತರಗತಿಯ ಬಾಗಿಲಿಗೆ ಬಂದು ನಿಂತಳು. ಅಲ್ಲಿಯವರೆಗೆ ಒಮ್ಮೆಯೂ ಹಾಗೆ ಬಂದವಳಲ್ಲ. ನಾನು ಅವಳ ಹಿಂದೆ ಹೋದೆ.

ಗೊಬ್ಬರ ಮಗುಚಲೆಂದು ಸಲಿಕೆ ಹಾಕಿದ್ದಳಂತೆ. ಗುಂಡಿಯ ಬಾಯಿ ತೆರೆದಿತ್ತು. ಮೇಲೆ ಒಂದು ಗೇಣು ಕಪ್ಪು ಗೊಬ್ಬರ. ಅದರಡಿಗೆ ಗೋಣಿಚೀಲಗಳು. ಸೈಕಲ್ ಶೆಡ್ಡಿನ ಚೀಲಗಳು, ಒಂದರ ಮೇಲೊಂದು ತುಳಿದು ಅದುಮಿದ್ದವು. ಕೆಲವು ಹರಿದು ಕವರುಗಳು ಗೊಬ್ಬರದಲ್ಲಿ ಕಲೆತಿದ್ದವು. ಎರಡನೆಯ ಗುಂಡಿ ಕೆದಕಿದೆವು, ಮೂರನೆಯದು ಕೆದಕಿದೆವು. ಎಲ್ಲದರಲ್ಲೂ ಅದೇ. ಒಳಗಿದ್ದ ಗೊಬ್ಬರ ಎಲ್ಲಿ ಹೋಯಿತು ಎಂದು ಮೆಸ್ಸಿನ ಭಟ್ಟರನ್ನು ಕೇಳಿದೆ. ಸಮಿತಿ ಬರುವ ಮುಂಚೆ ಟ್ರಾಕ್ಟರ್ ಬಂದು ಆಡಳಿತ ಮಂಡಳಿಯ ಅಧ್ಯಕ್ಷರ ತೋಟಕ್ಕೆ ಒಯ್ದಿತು, ನಿಮಗೆ ಗೊತ್ತಿರಬಹುದು ಅಂದುಕೊಂಡಿದ್ದೆ ಎಂದರು. ಸೈಕಲ್ ಶೆಡ್ಡಿಗೆ ಹೋಗಿ ನೋಡಿದೆ. ಬಣ್ಣ ಬಳಿದು, ಕುರ್ಚಿ ಹಾಕಿ, ವಿದ್ಯಾರ್ಥಿನಿಯರ ವಿಶ್ರಾಂತಿ ಕೋಣೆ ಎಂದು ಬರೆದಿತ್ತು.

ಮರಳಿ ಬಂದಾಗ ಅವಳು ಗುಂಡಿಯ ಏರಿಯ ಮೇಲೆ ಕುಳಿತಿದ್ದಳು. ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ನಮ್ಗೆ ರಜೆ ಕೊಟ್ಟದ್ದು ಇದ್ಕೇಯಾ?" ಎಂದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು, "ನಿಮ್ಗೆ ಗೊತ್ತಿತ್ತಾ ಅಕ್ಕೋರೆ?"

ಇಲ್ಲ ಎಂದೆ. ದೇವರಾಣೆ ಎಂದೆ. ಅವಳು ಎದ್ದಳು. ಸಲಿಕೆ ತೆಗೆದುಕೊಂಡು ಚೀಲಗಳನ್ನು ಒಂದೊಂದಾಗಿ ಎಳೆದು ಹೊರಗೆ ಹಾಕತೊಡಗಿದಳು. ನಾನೂ ಕೈ ಹಾಕಿದೆ. ಮಧ್ಯಾಹ್ನದವರೆಗೆ ಎಳೆದೆವು.

ಪ್ರಾಂಶುಪಾಲರ ಕೋಣೆಗೆ ಹೋದಾಗ ಅವರು ನನ್ನನ್ನು ಕೂರಿಸಿ, ಜವಾನನನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ಕೋಪ ಮಾಡಲಿಲ್ಲ. ಇಷ್ಟು ವರ್ಷ ಕಾಲೇಜಿನಲ್ಲಿ ನನ್ನ ಹತ್ತಿರ ಮೇಡಂ ಎಂದು ಪುಸ್ತಕದ ಕನ್ನಡದಲ್ಲೇ ಮಾತಾಡಿದವರು ಆವತ್ತು ಮೊದಲ ಸಲ ನಮ್ಮಿಬ್ಬರದೂ ಒಂದೇ ಆದ ಮನೆಮಾತಿಗೆ ಇಳಿದರು.

"ನೋಡು ತಂಗಿ, ಆನು ನಿಂಗೆ ಅಣ್ಣನ ಹಾಂಗೆ ಹೇಳ್ತಾ ಇದ್ದಿ. ಎಂತ ಮಾಡಲಾಗ್ತಿತ್ತು ಹೇಳು? ಬೇರೆ ದಾರಿ ಇತ್ತಿಲ್ಲೆ. ಇದನ್ನ ಇಲ್ಲಿಗೇ ಬಿಟ್ಟುಬುಡು. ಹೊರಗೆ ಹೇಳಡ. ಕಾಲೇಜು ನಂಗಳದ್ದು ಅಲ್ದಾ?"

ತಂಗಿ ಎಂಬ ಆ ಮಾತು ಕೇಳಿ ನನಗೆ ಒಂದು ಗಳಿಗೆ ಅಳು ಬರುವಂತಾಯಿತು. ಮನೆಯ ಹಿರಿಯರು ಬುದ್ಧಿ ಹೇಳುವಾಗ ಹೀಗೇ ಹೇಳುತ್ತಾರೆ, ಆಮೇಲೆ ಎದುರಾಡುವ ಹಾಗಿರುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ನಂಗಳದ್ದು, ನಮ್ಮದು, ಎನ್ನುವ ಮಾತಿನೊಳಗೆ ಹಳ್ಳದಾಚೆಯವರು ಯಾರೂ ಇರಲಿಲ್ಲ.

ನಾನು ಎದ್ದು ನಿಂತು ಪುಸ್ತಕದ ಕನ್ನಡದಲ್ಲೇ ಹೇಳಿದೆ: "ಸರ್, ಇದನ್ನು ನಾನು ಸಿಬ್ಬಂದಿ ಸಭೆಯಲ್ಲಿ ಹೇಳುತ್ತೇನೆ."

ಹೇಳಿದೆ. ಗುಂಡಿಯಲ್ಲಿ ಏನು ಸಿಕ್ಕಿತು, ಗೊಬ್ಬರ ಎಲ್ಲಿಗೆ ಹೋಯಿತು, ಸಮಿತಿಗೆ ತೋರಿಸಿದ್ದು ಏನು, ಎಲ್ಲವನ್ನೂ ಹೇಳಿ ಕುಳಿತೆ. ಹಿಂದಿನ ಸಾಲಿನಲ್ಲಿ ಒಬ್ಬರು, ಈಗ ದರ್ಜೆ ಬರುವ ಹೊತ್ತಿನಲ್ಲಿ ಇದೆಲ್ಲ ಯಾಕೆ ಎಂದರು. ಮತ್ತೊಬ್ಬರು, ಪ್ಲಾಸ್ಟಿಕ್ಕನ್ನು ಹೂಳುವುದೂ ಒಂದು ಕ್ರಮವೇ ಅಲ್ಲವೇ ಎಂದು ಕೇಳಿದರು. ನಾನು ರಸಾಯನಶಾಸ್ತ್ರದ ಗೆಳತಿಯ ಕಡೆ ನೋಡಿದೆ. ಪ್ಲಾಸ್ಟಿಕ್ಕಿನ ವಿಷಯ ಅವಳಿಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಫ್ಯಾನು ನೋಡುತ್ತಿದ್ದಳು. ಆಮೇಲೆ ಚಹಾ ಬಂತು. ಅಂದಿನಿಂದ ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂರತೊಡಗಿದಳು. ಜಗಳವಾಗಲಿಲ್ಲ, ಕಂಡಾಗ ನಗುತ್ತಿದ್ದಳು. ಅಷ್ಟೇ.

ಒಳ್ಳೆಯ ದರ್ಜೆಯೇ ಬಂತು. ಎಲ್ಲರಿಗೂ ಸಿಹಿ ಹಂಚಿದರು, ನನ್ನ ಟೇಬಲ್ಲಿಗೂ ಒಂದು ಪೊಟ್ಟಣ ಬಂತು. ಅದರ ಬೆನ್ನಿಗೇ, ನಿಮ್ಮ ಮೇಲಿನ ಭಾರ ಕಡಿಮೆ ಮಾಡಿದ್ದೇವೆ ಎಂದು ಕಸದ ಹೊಣೆಯಿಂದ ನನ್ನನ್ನು ಬಿಡಿಸಿದರು. ಸ್ವಚ್ಛತೆಯನ್ನು ಪೇಟೆಯ ಒಬ್ಬ ಗುತ್ತಿಗೆದಾರನಿಗೆ ಕೊಟ್ಟರು. ಅವನ ಆಳುಗಳಿಗೆ ಸಮವಸ್ತ್ರವಿತ್ತು. ಮೂವರು ಹೆಂಗಸರನ್ನು ಬರಬೇಡಿ ಎಂದರು. ನಾನು ಆಡಳಿತ ಮಂಡಳಿಯವರ ಮನೆಮನೆಗೆ ಹೋಗಿ ಹೇಳಿದೆ. ಎಲ್ಲರೂ ಕೂರಿಸಿ ಕಷಾಯ ಕೊಟ್ಟರು. ಆಕಳಿನ ಸುದ್ದಿ ಕೇಳಿ ಅಯ್ಯೋ ಎಂದರು. ಪಾಪ ಎಂದರು.

ನಂತರ ಬಂದದ್ದು ಕಾಂಪೌಂಡು ಗೋಡೆ. ಹಸಿರು ಆವರಣದ ರಕ್ಷಣೆಗೆ ಎಂದು ಮಂಜೂರಾಗಿದ್ದು. ದನ ಒಳಗೆ ಬರಬಾರದು, ಅದು ಉದ್ದೇಶ. ಹಳ್ಳದಾಚೆಯ ಮನೆಗಳವರು ಬಸ್ಸಿಗೆ ಬರುತ್ತಿದ್ದ ಕಾಲುದಾರಿಯೂ ಅದರೊಂದಿಗೆ ಮುಚ್ಚಿತು. ಅವರು ಹಳ್ಳದ ಗುಂಟ ಸುತ್ತುಹಾಕಿ ಮುಖ್ಯರಸ್ತೆಗೆ ಬರಬೇಕಾಯಿತು. ಮಳೆಗಾಲದಲ್ಲಿ ಅದೂ ಆಗುತ್ತಿರಲಿಲ್ಲ. ಗುತ್ತಿಗೆದಾರನ ಆಳುಗಳು ಕಸವನ್ನು ಬೇರ್ಪಡಿಸುವ ಗೋಜಿಗೆ ಹೋಗಲಿಲ್ಲ. ಗೋಡೆಯ ಆಚೆ ಬದಿಗೆ ಸುರಿದು ಬೆಂಕಿ ಇಡುತ್ತಿದ್ದರು. ಗಾಳಿ ಹಳ್ಳದ ಕಡೆಗೆ ಬೀಸುತ್ತದೆ. ಹೊಗೆಯೆಲ್ಲ ಅವಳ ಮನೆಯೊಳಗೆ ಹೋಗುತ್ತಿತ್ತು.

ಒಂದು ದಿನ ನಾನು ಸುತ್ತುದಾರಿಯಲ್ಲಿ ಅವಳ ಮನೆಗೆ ಹೋದೆ. ಅಂಗಳದಲ್ಲಿ ಭತ್ತ ಹರವಿದ್ದಳು. ಅದರ ಮೇಲೆ ಕಪ್ಪು ಬೂದಿಯ ಎಳೆಗಳು ಬಿದ್ದಿದ್ದವು. ಕೊಟ್ಟಿಗೆ ಖಾಲಿ. ಮೇಯಲು ಜಾಗವಿಲ್ಲವೆಂದು ಆಕಳನ್ನು ಕೊಟ್ಟುಬಿಟ್ಟಿದ್ದಳು. ಪಂಚಾಯತಿ ಮೆಂಬರರಿಗೆ ಹೇಳುತ್ತೇನೆ, ಪ್ರಾಂಶುಪಾಲರನ್ನು ಕರೆತಂದು ತೋರಿಸುತ್ತೇನೆ ಎಂದೆ.

"ಬ್ಯಾಡ ಅಕ್ಕೋರೆ," ಎಂದಳು. "ನೀವು ಹೇಳ್ದಷ್ಟೂ ಅವ್ರು ಒಂದೊಂದು ಹೊಸ್ತು ಮಾಡ್ತ್ರು."

ಮಾತು ತಪ್ಪಾಗಿರಲಿಲ್ಲ. ಬುಟ್ಟಿ ತಂದಿಟ್ಟ ದಿನ ಅವಳಿಗೆ ಒಂದು ಆಕಳಾದರೂ ಇತ್ತು, ದಾರಿಯಿತ್ತು. ಕ್ಯಾಂಪಸ್ಸು ಸ್ವಚ್ಛವಾಗುತ್ತ ಹೋದಂತೆ ಅವಳದ್ದು ಒಂದೊಂದೇ ಹೋಯಿತು. ಆದರೂ ನಾನು ಮೆಂಬರರ ಹತ್ತಿರ ಹೋದೆ. ಅವರ ಮಗ ನಮ್ಮಲ್ಲೇ ಓದುತ್ತಿದ್ದ. ನೋಡೋಣ ಎಂದರು.

ಮುಂದಿನ ವರ್ಷ ಅವಳು ಗದ್ದೆಯನ್ನು ಮೈದುನನಿಗೆ ಬಿಟ್ಟು ಇಡಗುಂದಿಗೆ, ಅಣ್ಣನ ಮನೆಗೆ ಹೋದಳೆಂದು ಜೊತೆಯ ಹೆಂಗಸೊಬ್ಬಳು ಹೇಳಿದಳು. ನನಗೆ ಹೇಳಿ ಹೋಗಲಿಲ್ಲ. ನಾನು ಕೆಲಸ ಬಿಡಲಿಲ್ಲ. ಬಿಟ್ಟು ಎಲ್ಲಿಗೆ ಹೋಗುವುದು? ಪದವಿ ತರಗತಿಗಳಿಗೆ ಪರಿಸರ ಅಧ್ಯಯನ ಕಡ್ಡಾಯವಾದಾಗ ಆ ಪತ್ರಿಕೆಯನ್ನು ನನಗೇ ಕೊಟ್ಟರು. ಪಠ್ಯದಲ್ಲಿ ಘನತ್ಯಾಜ್ಯದ ಮೇಲೆ ಒಂದು ಸಣ್ಣ ಭಾಗವಿತ್ತು. ಕಿಟಕಿಯಾಚೆ ಗೋಡೆಯ ಮೇಲಿಂದ ಹೊಗೆ ಏಳುತ್ತಿರುವಾಗ ನಾನು ಅದನ್ನು ಓದಿಸುತ್ತಿದ್ದೆ. ಪರೀಕ್ಷೆಗೆ ಬರುತ್ತದಾ ಮೇಡಂ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ಬರುತ್ತದೆ ಎನ್ನುತ್ತಿದ್ದೆ. ಅಡಿಗೆರೆ ಎಳೆದುಕೊಳ್ಳುತ್ತಿದ್ದರು.

ಕೆಲವು ವರ್ಷಗಳ ಮೇಲೆ ಅಂಕೋಲೆಯಲ್ಲಿ ಒಂದು ಮದುವೆಗೆ ಹೋಗುವುದಿತ್ತು. ಯಲ್ಲಾಪುರದಲ್ಲಿ ಬಸ್ಸು ಬದಲಿಸಿದವಳು ಅರಬೈಲಿನ ಘಟ್ಟ ಬರುವ ಮುಂಚೆಯೇ ಇಡಗುಂದಿಯಲ್ಲಿ ಇಳಿದುಬಿಟ್ಟೆ. ಕೇಳಿಕೊಂಡು ಮನೆ ಹುಡುಕಿದೆ. ಅಂಗಳದಲ್ಲಿ ಕುಳಿತು ಮೊರದಲ್ಲಿ ಉದ್ದು ಕೇರುತ್ತಿದ್ದಳು. ಬಹಳ ಬಡವಾಗಿದ್ದಳು. ನನ್ನ ಗುರುತು ಕೂಡಲೇ ಹಿಡಿದಳು. ಅತ್ತಿಗೆ ಬೆಲ್ಲ ನೀರು ತಂದಿಟ್ಟರು. ಮಗಳಿಗೆ ಎರಡು ಮಕ್ಕಳೆಂದಳು, ಈ ವರ್ಷ ಮಳೆ ಜಾಸ್ತಿಯೆಂದಳು, ಅಣ್ಣನಿಗೆ ಕಾಡಿನ ಕೆಲಸಕ್ಕೆ ಹೋಗಲು ಮೊಣಕಾಲು ನೋವೆಂದಳು. ನಾನು ಹೇಳಬೇಕೆಂದು ಹೋದದ್ದು ಬಹಳ ಇತ್ತು. ಏನು ಹೇಳಿದರೂ ನನ್ನ ಮನಸ್ಸು ಹಗುರವಾಗುವುದಕ್ಕಷ್ಟೇ ಆಗುತ್ತಿತ್ತು. ಹೇಳಲಿಲ್ಲ.

ಹೊರಡುವಾಗ ಕೇಳಿದಳು, "ಇನ್ನೂ ಅಲ್ಲೇ ಕಲಿಸ್ತ್ರಾ?"

"ಹೌದು," ಎಂದೆ.

"ಹೂಂ," ಎಂದು ಮೊರ ಎತ್ತಿಕೊಂಡಳು. ಇನ್ನೊಮ್ಮೆ ಬನ್ನಿ ಎನ್ನಲಿಲ್ಲ. ರಸ್ತೆಗೆ ಬಂದು ನಿಂತೆ. ಘಟ್ಟದತ್ತ ಇಳಿಯುವ ಅದಿರಿನ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಬಸ್ಸು ತಡವಾಗಿ ಬಂತು, ಮದುವೆಯ ಮುಹೂರ್ತ ತಪ್ಪಿತು. ಆಮೇಲೆ ಆ ರಸ್ತೆಯಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಇಡಗುಂದಿಯಲ್ಲಿ ಮತ್ತೆ ಇಳಿದಿಲ್ಲ.